ಹೂವಿನಂಗಡಿಯಿಂದ ಪಾಠದ ಸಾಲಿಗೆ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯಲ್ಲಿ ಅಮ್ಮನ ಪಕ್ಕ ಕೂತು ಮೊಳ ಹಾಕಿ ಕನಕಾಂಬರ ಕೊಡುವ ಹುಡುಗಿಯನ್ನು ನೋಡಿ. “ಹಬ್ಬ ಅಲ್ವಾ ಅಕ್ಕ, ರೇಟು ಜಾಸ್ತಿ” ಅನ್ನುತ್ತಾಳೆ. ಬಾಯಿಲೆಕ್ಕದಲ್ಲೇ ಚಿಲ್ಲರೆ ಎಣಿಸಿ ಕೈಗಿಡುತ್ತಾಳೆ. ತರಗತಿಯಲ್ಲಿ “ಬೇಡಿಕೆ ಹೆಚ್ಚಿದಂತೆ ಬೆಲೆಯೂ ಏರುತ್ತದೆ” ಎಂಬ ಸಾಲು ಬಂದಾಗ ಇಂಥ ಎಷ್ಟೋ ಮಕ್ಕಳು ಸುಮ್ಮನಾಗುತ್ತಾರೆ. ವಿಷಯ ಗೊತ್ತು, ಆ ವಾಕ್ಯದ ಪರಿಚಯವಿಲ್ಲ.

ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರ ಅಧ್ಯಯನವೊಂದು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ವ್ಯಾಪಾರದಲ್ಲಿ ಸಲೀಸಾಗಿ ಬಿಡಿಸುವ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಕೊಟ್ಟಾಗ ಬಹಳಷ್ಟು ಮಕ್ಕಳು ತಡವರಿಸಿದರು. ಇದಕ್ಕೆ ಭಾಷೆಯೊಂದೇ ಕಾರಣವಲ್ಲ, ನಿಜ. ಆದರೆ ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಮಕ್ಕಳು ತುಂಬಿರುವ ನಮ್ಮ ಪೇಟೆಯ ಶಾಲೆಗಳಲ್ಲಿ ಭಾಷೆಯ ಪಾತ್ರವನ್ನು ಕಡೆಗಣಿಸುವಂತಿಲ್ಲ. ಎರಡನೆಯ ಭಾಷೆಯ ಆಡುಮಾತು ಸುಮಾರು ಎರಡು ವರ್ಷಕ್ಕೆ ಒಲಿದರೂ, ಪಾಠದ ಭಾಷೆ ಹಿಡಿತಕ್ಕೆ ಬರಲು ಐದಾರು ವರ್ಷ, ಇನ್ನೂ ಹೆಚ್ಚೇ ಬೇಕಾಗುತ್ತದೆ ಎನ್ನುತ್ತಾರೆ ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್.

ಶಿಕ್ಷಕರಾದ ನಾವು ಪಾಠಯೋಜನೆಯಲ್ಲಿ ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಎಲ್ಲ ಬರೆಯುತ್ತೇವೆ. ಈ ಅವಧಿ ಮುಗಿಯುವಾಗ ಮಗು ಯಾವ ವಾಕ್ಯವನ್ನು ತಾನೇ ಕಟ್ಟಿ ಹೇಳಬೇಕು ಎಂಬುದನ್ನೂ ಅಲ್ಲಿ ಬರೆದುಕೊಳ್ಳಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಮೊದಲು ಆ ಹುಡುಗಿ ತನ್ನ ಮಾತಲ್ಲೇ ಹೂವಿನ ರೇಟಿನ ಕಥೆ ಹೇಳಲಿ. ಆಮೇಲೆ “ಹೆಚ್ಚಿದಂತೆ”, “ಆದ್ದರಿಂದ”, “ಹೋಲಿಸಿದರೆ” ಎಂದು ಹಲಗೆಯ ಮೇಲೆ ಬರೆದು, ಪಕ್ಕದವಳಿಗೆ ಅದೇ ಕಥೆಯನ್ನು ಈ ಪದಗಳನ್ನು ಬಳಸಿ ಹೇಳಲು ಬಿಡಿ. ಬರವಣಿಗೆ ಅದಾದ ಮೇಲೆ.