ಕಾರಿನಲ್ಲಿ ಕೂತ ವಾಲಿ

ನನ್ನ ಮನೆ ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ, ಆಫೀಸು ಅಂಧೇರಿಯ ಸೀಪ್ಜ್ ಹತ್ತಿರ. ಮುಂಬಯಿಯವರಿಗೆ ಇಷ್ಟು ಹೇಳಿದರೆ ಸಾಕು. ಬೇರೆ ಊರಿನವರಿಗಾಗಿ ಹೇಳ್ತೇನೆ: ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಎರಡು ಗಂಟೆ ಕಾರಿನಲ್ಲೇ. ಮಳೆಗಾಲದ ಲೆಕ್ಕ ಬೇರೆ, ಅದನ್ನು ಕೇಳಬೇಡಿ.

ಇಷ್ಟು ಹೊತ್ತು ಏನು ಕೇಳ್ತೀರಿ ಅಂತ ಎಲ್ಲರೂ ಕೇಳ್ತಾರೆ. ಮೊದಲು ಸಿನಿಮಾ ಹಾಡು ಕೇಳ್ತಿದ್ದೆ. ವಿಕ್ರೋಲಿ ತಿರುವಿನ ಒಂದು ಸಿಗ್ನಲ್ಲಿಗೆ ನಾಲ್ಕು ಹಾಡು ಮುಗೀತದೆ, ಗಾಡಿ ಅಲ್ಲೇ ಇರ್ತದೆ. ಆಮೇಲೆ ಸುದ್ದಿ ಚರ್ಚೆ, ಅದು ಬಿಪಿಗೆ ಒಳ್ಳೆಯದಲ್ಲ. ಕಾದಂಬರಿ ಓದುವ ಆ್ಯಪ್ ಹಾಕಿದೆ, ಆ ಮೆಲುದನಿಗೆ ನಿದ್ದೆ ಬಂತು. ಸ್ಟೇರಿಂಗ್ ಹಿಡಿದವನಿಗೆ ಅದು ಆಗುವಂಥದ್ದಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಪವಾಯಿ ಕೆರೆಯ ಹತ್ತಿರ ಸಿಕ್ಕಿಹಾಕಿಕೊಂಡಿದ್ದಾಗ ಯೂಟ್ಯೂಬ್ ತಾನಾಗಿಯೇ ಒಂದು ತಾಳಮದ್ದಳೆ ಹಾಕಿತು. ವಾಲಿ ಮೋಕ್ಷ. ಹಳೇ ಕ್ಯಾಸೆಟ್ಟಿನ ಧ್ವನಿಮುದ್ರಣ, ಮಧ್ಯೆ ಯಾರೋ ಕೆಮ್ಮುವುದು ಸಹ ಕೇಳ್ತದೆ.

ಗೊತ್ತಿಲ್ಲದವರಿಗೆ ಹೇಳ್ತೇನೆ: ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪದ ಹಾಡ್ತಾರೆ, ಚೆಂಡೆ ಮದ್ದಳೆ ಉಂಟು, ಅರ್ಥಧಾರಿಗಳು ಪಂಚೆ ಶಾಲಿನಲ್ಲಿ ಕೂತು ಪಾತ್ರವಾಗಿ ಮಾತಾಡ್ತಾರೆ. ಮಾತು ಬರೆದಿಟ್ಟದ್ದಲ್ಲ, ಅಲ್ಲಲ್ಲೇ ಹುಟ್ಟುವುದು. ನಮ್ಮ ಕಡೆ ಮಳೆಗಾಲಕ್ಕೆ ಮೇಳಗಳ ತಿರುಗಾಟ ನಿಲ್ತದೆ, ಆಗ ಇದರ ಕಾಲ. ನೋಡಲಿಕ್ಕೆ ಏನೂ ಇಲ್ಲದ ಕಲೆ ಆದ್ದರಿಂದ ಡ್ರೈವರಿಗೆ ಹೇಳಿ ಮಾಡಿಸಿದ ಹಾಗೆ ಉಂಟು. ಲೇನ್ ಬದಲಿಸುವಾಗ ಎರಡು ವಾಕ್ಯ ತಪ್ಪಿದರೂ ತೊಂದರೆ ಇಲ್ಲ, ಎದುರಿನವ ಉತ್ತರ ಕೊಡುವಾಗ ಅದೇ ಪಾಯಿಂಟನ್ನು ಎತ್ತಿಕೊಳ್ತಾನೆ. ಒಂದೇ ಎಚ್ಚರಿಕೆ: ಯುದ್ಧದ ಪದ ಬಂದಾಗ ವಾಲ್ಯೂಮ್ ಇಳಿಸಿ. ಚೆಂಡೆ ಏರಿದ ಹಾಗೆ ನನ್ನ ಕಾಲೂ ಆಕ್ಸಿಲರೇಟರಿನ ಮೇಲೆ ಏರ್ತದೆ.

ನನ್ನ ಜೊತೆ ಒಬ್ಬ ಮರಾಠಿ ಸಹೋದ್ಯೋಗಿ ಬರ್ತಾನೆ, ಪೆಟ್ರೋಲಿನ ಖರ್ಚು ಅರ್ಧರ್ಧ. ಅವನು ಎರಡು ದಿನ ಸುಮ್ಮನಿದ್ದ. ಮೂರನೇ ದಿನ ಕೇಳಿದ, "ಇವರಿಬ್ಬರದ್ದು ಎಂತ ಜಗಳ?" ನಾನು ಹೇಳಲಿಕ್ಕೆ ಹೊರಟೆ. ಹೊರಟಾಗ ಗೊತ್ತಾಯ್ತು, ಅರ್ಧ ಮಾತು ನನಗೇ ಅರ್ಥ ಆಗ್ತಾ ಇಲ್ಲ ಅಂತ. ನನ್ನ ಮನೆಮಾತು ತುಳು, ಕನ್ನಡ ಶಾಲೆಯಲ್ಲಿ ಕಲಿತದ್ದು. ಮುಂಬಯಿಗೆ ಬಂದು 19 ವರ್ಷ ಆಯ್ತು. ಕನ್ನಡ ಚೆನ್ನಾಗಿ ಉಂಟು ಅಂತಲೇ ನಾನು ತಿಳಿದಿದ್ದು.

"ವ್ಯಾಜ" ಅಂತ ಒಂದು ಶಬ್ದ ಬಂತು. ಅವನು ಕೂಡಲೇ, "ಬಡ್ಡಿಯಾ?" ಅಂದ. ಮರಾಠಿಯಲ್ಲಿ ವ್ಯಾಜ ಅಂದರೆ ಬಡ್ಡಿ. ರಾಮನಿಗೂ ವಾಲಿಗೂ ಎಂತ ಬಡ್ಡಿ ವ್ಯವಹಾರ ಮಾರಾಯ್ರೆ! ಆ ರಾತ್ರಿ ಬಂಟ್ವಾಳದಲ್ಲಿರುವ ಅಪ್ಪನಿಗೆ ಫೋನು ಮಾಡಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಅಮ್ಮ ಹೋದ ಮೇಲೆ ನನಗೂ ಅಪ್ಪನಿಗೂ ಮಾತೇ ಇರಲಿಲ್ಲ. ಜಗಳ ಅಲ್ಲ, ವಿಷಯ ಇಲ್ಲ. ಊಟ ಆಯ್ತಾ, ಮಳೆ ಉಂಟಾ, ಮಾತ್ರೆ ತಗೊಂಡ್ರಾ. ಫೋನಿನಲ್ಲಿ ನೋಡಿದರೆ ಒಂದು ನಿಮಿಷ ನಲ್ವತ್ತು ಸೆಕೆಂಡು. ಅಪ್ಪ ಹಿಂದೆ ಊರಿನ ಸಂಘದಲ್ಲಿ ಅರ್ಥ ಹೇಳ್ತಿದ್ದವರು. ಅದನ್ನು ನಾನು ಮರೆತೇ ಬಿಟ್ಟಿದ್ದೆ.

"ವ್ಯಾಜ ಅಂದರೆ ನೆಪ, ಕಪಟ" ಅಂದರು ಅಪ್ಪ. "ನಿರ್ವ್ಯಾಜ ಪ್ರೀತಿ ಅಂತ ಕೇಳಲಿಲ್ವಾ ನೀನು?" ಮರುದಿನ ಸಹೋದ್ಯೋಗಿಗೆ ಹೇಳಿದರೆ ಅವನು ನಕ್ಕ. ಮರಾಠಿಯಲ್ಲಿಯೂ ನಿರ್ವ್ಯಾಜ ಪ್ರೇಮ ಅಂತ ಉಂಟಂತೆ. ಬಡ್ಡಿ ಇಲ್ಲದ ಪ್ರೇಮ ಅಂತ ಅವನು ಇಷ್ಟು ದಿನ ತಿಳಿದಿದ್ದನಂತೆ! ಅದೂ ತಪ್ಪಲ್ಲ ಬಿಡಿ.

ಕೆಲವು ದಿನ ಕಳೆದು ಅವನು ಒಂದು ಪ್ರಶ್ನೆ ಎತ್ತಿದ. ಬಾಣ ತಾಗಿ ಬಿದ್ದ ವಾಲಿ, ಮರದ ಮರೆಯಿಂದ ಯಾಕೆ ಹೊಡೆದೆ ಅಂತ ಕೇಳ್ತಾನೆ. ರಾಮನ ಉತ್ತರಗಳಲ್ಲಿ ಒಂದು, ನೀನು ಮೃಗ, ಬೇಟೆಯಲ್ಲಿ ಮರೆ ತಪ್ಪಲ್ಲ ಅಂತ. ಇನ್ನೊಂದು, ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದು ಅಧರ್ಮ ಅಂತ. "ಮೃಗ ಆದರೆ ಅದಕ್ಕೆ ತಮ್ಮನ ಹೆಂಡತಿ ಅನ್ನುವ ಧರ್ಮ ಎಲ್ಲಿಯದು? ಧರ್ಮ ಉಂಟಾದರೆ ಮರೆಯಲ್ಲಿ ನಿಂತು ಹೊಡೆಯುವುದು ಎಂತ?" ಅಂದ.

ಅಪ್ಪನಿಗೆ ಹೇಳಿದೆ. ಆ ಕಡೆ ಎರಡು ಕ್ಷಣ ಮೌನ. ಆಮೇಲೆ, "ಆ ಜನಕ್ಕೆ ಕನ್ನಡ ಬರ್ತದಾ?" ಅಂದರು. ಬರುವುದಿಲ್ಲ ಅಂದೆ. "ವಾಲಿಯ ಅರ್ಥದವ ಹಿಡಿಯುವ ಜಾಗ ಅದೇ. ಕಥೆಯಲ್ಲಿ ವಾಲಿ ಸಾಯುವುದು ಹೇಗೂ ಸೈ. ಮಾತಿನಲ್ಲಿ ಯಾರು ಗೆಲ್ತಾರೆ ಅನ್ನುವುದು ಆ ದಿನ ರಾಮನಾಗಿ ಯಾರು ಕೂತಿದ್ದಾರೆ, ಅದರ ಮೇಲೆ." ಅಲ್ಲಿಂದ ಶೇಣಿಯವರ ಕಥೆ ಶುರುವಾಯ್ತು, ಅಪ್ಪ ಯಾವ ಊರಿಗೆ ಎಷ್ಟು ಮೈಲಿ ನಡೆದು ಹೋಗಿ ಕೇಳಿದ್ದು, ರಾತ್ರಿ ಎಷ್ಟಾಗಿತ್ತು, ಟಾರ್ಚಿನ ಬ್ಯಾಟರಿ ಎಲ್ಲಿ ಮುಗಿದದ್ದು ಅಂತ. ಫೋನು ಇಟ್ಟಾಗ 38 ನಿಮಿಷ ಆಗಿತ್ತು.

ಹೋದ ತಿಂಗಳು ಅಪ್ಪ ವಾಟ್ಸ್ಆ್ಯಪಿನಲ್ಲಿ ಒಂದು ಧ್ವನಿ ಕಳಿಸಿದರು. 11 ನಿಮಿಷದ್ದು. ಭಾಗವತರಿಲ್ಲ, ಮದ್ದಳೆ ಇಲ್ಲ, ಮೇಜಿಗೆ ಬೆರಳು ಬಡಿಯುವ ಸದ್ದು, ಹಿಂದೆ ಮಳೆ. ಅಪ್ಪ ವಾಲಿಯಾಗಿ ಮಾತಾಡ್ತಾ ಇದ್ದಾರೆ. ನಾವಿಬ್ಬರೂ ಆಫೀಸಿನ ಪಾರ್ಕಿಂಗಿನಲ್ಲಿ ಗಾಡಿ ಆಫ್ ಮಾಡಿ ಪೂರ್ತಿ ಕೇಳಿದೆವು. ಪಂಚಿಂಗ್ ತಡ ಆಯ್ತು.

ಕೊನೆಗೆ ಅಪ್ಪ, "ರಾಮನ ಉತ್ತರ ನೀನು ಕಳಿಸು" ಅಂದಿದ್ದಾರೆ. ಇನ್ನೂ ಕಳಿಸಲಿಲ್ಲ. ದಿನಾ ಪವಾಯಿ ದಾಟುವವರೆಗೆ ಜೋರಾಗಿ ಅಭ್ಯಾಸ ಮಾಡ್ತಾ ಇದ್ದೇನೆ. ಪಕ್ಕದ ಗಾಡಿಯವರು ಗಾಜು ಇಳಿಸಿ ನೋಡ್ತಾರೆ.