ಮೂರು ತಿಂಗಳ ಅತಿಥಿ



ನಾಯಿ ಸಾಕುವವರಿಗೆ ಹೇಳುವ ಮಾತುಗಳು ಬಹಳ ಇವೆ. ಇಂದು ನಾನು ಹೇಳಹೊರಟಿರುವುದು ಸಾಕುವವರಿಗಲ್ಲ, ಸ್ವಲ್ಪ ಕಾಲ ಇಟ್ಟುಕೊಳ್ಳುವವರಿಗೆ. ಯಾರೋ ತಂದು, ಕಟ್ಟಿಹಾಕಿ, ಮರೆತು ಹೋದ ನಾಯಿಯನ್ನು ಮನೆಗೆ ಕರೆತಂದು, ಔಷಧೋಪಚಾರ ಮಾಡಿಸಿ, ಮನುಷ್ಯರನ್ನು ಮತ್ತೆ ನಂಬುವಂತೆ ಮಾಡಿ, ಕೊನೆಗೊಂದು ಒಳ್ಳೆಯ ಮನೆಗೆ ಒಪ್ಪಿಸುವ ಕೆಲಸ ಇದು. ಬಾಣಂತನಕ್ಕೆ ಬಂದ ಮಗಳನ್ನು ತವರಿನವರು ಆರೈಕೆ ಮಾಡಿ ಕಳಿಸಿಕೊಡುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ.

ಇಂಥ ನಾಯಿಗಳು ಎಲ್ಲಿಂದ ಬರುತ್ತವೆ ಎಂದು ಕೇಳುತ್ತೀರಿ. ಮನೆ ಕಟ್ಟುವ ಜಾಗದಲ್ಲಿ ಸಿಮೆಂಟು, ಕಬ್ಬಿಣ ಕಾಯಲಿಕ್ಕೆಂದು ಮರಿ ತಂದು ಕಟ್ಟುತ್ತಾರೆ. ಗೃಹಪ್ರವೇಶ ಆದ ಮೇಲೆ ಅದರ ಕೆಲಸ ಮುಗಿಯಿತು. ವರ್ಗವಾಗಿ ಹೋಗುವವರು ಗೇಟಿನಲ್ಲೇ ಬಿಟ್ಟು ಹೋಗುತ್ತಾರೆ. ಸಾವಿರಗಟ್ಟಲೆ ಕೊಟ್ಟು ಕೊಂಡ ಜಾತಿ ನಾಯಿಗೆ ಚರ್ಮರೋಗ ಬಂದರೆ ರಾತ್ರೋರಾತ್ರಿ ಊರಾಚೆ ಇಳಿಸಿ ಬರುವವರೂ ಇದ್ದಾರೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಸಾಕಿದ ಪ್ರಾಣಿಯನ್ನು ಹೀಗೆ ಕೈಬಿಡುವುದು ಅಪರಾಧ. ಗಿಡ್ಡ ಸರಪಳಿಯಲ್ಲಿ ದಿನವಿಡೀ ಕಟ್ಟುವುದೂ ಅಪರಾಧವೇ. ಮೊದಲ ತಪ್ಪಿಗೆ ಆ ಕಾಯಿದೆ ಹೇಳುವ ದಂಡ 10ರಿಂದ 50 ರೂಪಾಯಿ. ಒಂದು ಹೊಸ ಸರಪಳಿಯೂ ಅಷ್ಟಕ್ಕೆ ಸಿಗುವುದಿಲ್ಲ ಬಿಡಿ.

ಪಶುವೈದ್ಯನಾದ ನನ್ನ ಬಳಿಗೆ ಒಮ್ಮೆ ನಿವೃತ್ತ ದಂಪತಿಗಳು ಒಂದು ಕೆಂಚು ಹೆಣ್ಣು ನಾಯಿಯನ್ನು ಗೋಣಿಚೀಲದಲ್ಲಿ ಸುತ್ತಿ ತಂದರು. ಹದಿನಾರು ಕಿಲೋ ತೂಗಬೇಕಾದದ್ದು ಒಂಬತ್ತು ಕಿಲೋ ಇತ್ತು. ಮರಿಯಾಗಿದ್ದಾಗ ಕೊರಳಿಗೆ ಕಟ್ಟಿದ ನೈಲಾನ್ ಹಗ್ಗವನ್ನು ಯಾರೂ ಸಡಿಲಿಸಿರಲಿಲ್ಲ. ನಾಯಿ ಬೆಳೆಯಿತು, ಹಗ್ಗ ಬೆಳೆಯಲಿಲ್ಲ. ಅದು ಚರ್ಮ ಕೊಯ್ದು ಒಳಗೆ ಹೂತುಹೋಗಿತ್ತು. ಗಾಯದಲ್ಲಿ ಹುಳ ಬಿದ್ದಿತ್ತು. ನಮ್ಮ ಹವೆಯಲ್ಲಿ ನೊಣ ಇಟ್ಟ ಮೊಟ್ಟೆ ಒಂದೇ ದಿನದೊಳಗೆ ಹುಳವಾಗಬಲ್ಲದು. ಇಂಥ ಹಗ್ಗವನ್ನು ಮನೆಯಲ್ಲಿ ಕತ್ತರಿಯಿಂದ ಕೀಳಲು ಹೋಗಬೇಡಿ. ಪಕ್ಕದಲ್ಲೇ ದೊಡ್ಡ ರಕ್ತನಾಳಗಳಿವೆ. ಮತ್ತು ಬರಿಸಿ, ಕೂದಲು ತೆಗೆದು, ನೋಡಿಕೊಂಡು ಬಿಡಿಸುವ ಕೆಲಸ ಅದು. ಸೀಮೆಎಣ್ಣೆ, ಫಿನಾಯಿಲು ಸುರಿಯುವುದೂ ಬೇಡ. ಕಜ್ಜಿಗೆ ಗಾಡಿಯ ಹಳೆ ಆಯಿಲ್ ಹಚ್ಚಿ ಎನ್ನುವ ಸಲಹೆಗಾರರು ಪ್ರತಿ ಬೀದಿಯಲ್ಲೂ ಒಬ್ಬರಾದರೂ ಸಿಗುತ್ತಾರೆ. ನಾಯಿ ಅದನ್ನು ನೆಕ್ಕುತ್ತದೆ, ವಿಷ ಒಳಗೆ ಹೋಗುತ್ತದೆ.

ಇನ್ನು ಊಟದ ವಿಷಯ. ಕರುಣೆಯಿಂದಲೇ ಅನಾಹುತವಾಗುವುದು ಇಲ್ಲಿ. ವಾರಗಟ್ಟಲೆ ಹಸಿದ ಪ್ರಾಣಿಯ ಮುಂದೆ ಬೋಗುಣಿ ತುಂಬ ಅನ್ನ ಇಟ್ಟರೆ, ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂ ಮೊದಲಾದ ಲವಣಗಳು ಥಟ್ಟನೆ ಜೀವಕೋಶಗಳೊಳಗೆ ಸೇರಿ, ಹೃದಯವೇ ನಿಲ್ಲಬಹುದು. ಎರಡನೆಯ ಮಹಾಯುದ್ಧ ಮುಗಿದು ಸೆರೆಶಿಬಿರಗಳ ಬಾಗಿಲು ತೆರೆದಾಗ, ಬದುಕಿ ಉಳಿದಿದ್ದ ಎಷ್ಟೋ ಜನ ಊಟ ಸಿಕ್ಕ ಮೇಲೆ ತೀರಿಕೊಂಡರು; ವೈದ್ಯರಿಗೆ ಈ ಸಂಗತಿ ಮನವರಿಕೆಯಾದದ್ದು ಆಗಲೇ. ಆದ್ದರಿಂದ ಮೊದಲ ದಿನ ಅಗತ್ಯದ ಕಾಲುಭಾಗ ಮಾತ್ರ, ಅದೂ ನಾಲ್ಕೈದು ಸಲ ಹಂಚಿ. ವಾರ ಕಳೆಯುವ ಹೊತ್ತಿಗೆ ಪೂರ್ತಿ ಊಟಕ್ಕೆ ಬನ್ನಿ. ಬರೀ ಅನ್ನಕ್ಕಿಂತ ಬೇಯಿಸಿದ ಮೊಟ್ಟೆ, ಉಪ್ಪು ಖಾರವಿಲ್ಲದ ಕೋಳಿಮಾಂಸ ಮೇಲು. ನಾನು ಹೇಳಿದ ದಂಪತಿಗಳು ಮೊಟ್ಟೆ ಮುಟ್ಟದವರು. ಆ ತಾಯಿ ಹಿತ್ತಲಲ್ಲಿ ಸ್ನಾನದ ನೀರೊಲೆಯ ಮೇಲೆ ಹಳೇ ಚೊಂಬಿಟ್ಟು ಮೊಟ್ಟೆ ಬೇಯಿಸಿದರು. ಮನೆಯವರಿಗೆ ಗೊತ್ತಿತ್ತು, ಯಾರೂ ಏನೂ ಕೇಳಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ಆಗದು. ಜ್ವರವೆಂದು ನಿಮ್ಮ ಮಾತ್ರೆಯನ್ನು ಕೊಡಬೇಡಿ. ಅಂದಹಾಗೆ, ನಾಯಿಯ ಸಹಜ ಉಷ್ಣತೆಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮೈ ಬಿಸಿ ಎಂದು ಗಾಬರಿಯಾಗಬೇಕಿಲ್ಲ. ಒಸಡು ನೋಡಿ. ಅದು ಬಿಳುಚಿಕೊಂಡಿದ್ದರೆ, ಮೂಗಿನಿಂದ ರಕ್ತ ಬಂದರೆ, ಉಣ್ಣೆಯಿಂದ ಬರುವ ಜ್ವರವಿರಬಹುದು. ರಕ್ತಪರೀಕ್ಷೆ ಮಾಡಿಸಿ. ಎರ್ಲಿಕಿಯಾ ಎಂಬ ಜಾತಿಯದಾದರೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕು ವಾರ ಕೊಡಬೇಕು. ಹತ್ತನೆಯ ದಿನ ನಾಯಿ ಬಾಲ ಅಲ್ಲಾಡಿಸಿತೆಂದು ನಿಲ್ಲಿಸಿದವರು ಮತ್ತೆ ನನ್ನ ಬಾಗಿಲಿಗೆ ಬಂದಿದ್ದಾರೆ.

ನಿಮ್ಮ ರಕ್ಷಣೆಯೂ ಮುಖ್ಯ. ಕಜ್ಜಿಯಲ್ಲಿ ಎರಡು ಬಗೆ. ಒಂದು ಮನುಷ್ಯರಿಗೂ ತುರಿಕೆ ತರುತ್ತದೆ, ಇನ್ನೊಂದು ತರುವುದಿಲ್ಲ. ಯಾವುದೆಂದು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಿಳಿಯುತ್ತದೆ. ಮನೆಯಲ್ಲಿ ಬೇರೆ ನಾಯಿಯಿದ್ದರೆ ಕನಿಷ್ಠ ಎರಡು ವಾರ ದೂರವಿಡಿ. ಹಲ್ಲು ತಾಗಿದರೆ ಗಾಯವನ್ನು ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ರೇಬೀಸ್ ತಲೆದೋರಿದ ಮೇಲೆ ಮದ್ದಿಲ್ಲ. ಇಂಥ ನಾಯಿಗಳನ್ನು ಮೇಲಿಂದ ಮೇಲೆ ಮನೆಗೆ ತರುವವರು ಮುಂಚಿತವಾಗಿಯೇ ಚುಚ್ಚುಮದ್ದು ಹಾಕಿಸಿಕೊಳ್ಳುವುದು ಲೇಸು.

ಗಾಯ ಮಾಯುವುದಕ್ಕಿಂತ ಭಯ ಮಾಯುವುದು ನಿಧಾನ. ಆ ಕೆಂಚಿ ಹನ್ನೊಂದು ದಿನ ನೀರಿನ ಡ್ರಮ್ಮಿನ ಹಿಂದಿನಿಂದ ಹೊರಗೆ ಬರಲಿಲ್ಲ. ಮೊಮ್ಮಕ್ಕಳು ಎಳೆಯಲು ಹೋದರೆ ಹಲ್ಲು ತೋರಿಸುತ್ತಿತ್ತು. ನಾನು ಹೇಳಿದ್ದು ಇಷ್ಟೆ: ಎಳೆಯಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಪಕ್ಕಕ್ಕೆ ತಿರುಗಿ ಕುಳಿತು ನಿಮ್ಮ ಕೆಲಸ ಮಾಡುತ್ತಿರಿ. ಆ ತಾಯಿ ದಿನಾ ಸಂಜೆ ಅದೇ ಹೊತ್ತಿಗೆ ಅಲ್ಲಿ ಕುಳಿತು ಅವರೆಕಾಯಿ ಸುಲಿದರು. ಹನ್ನೆರಡನೆಯ ಸಂಜೆ ಮೊರದ ಅಂಚಿಗೆ ಒಂದು ಮೂಗು ತಾಗಿತು. ಕೊರಳು ಮಾಯುವವರೆಗೆ ಪಟ್ಟಿ ಹಾಕುವಂತಿರಲಿಲ್ಲ. ಎದೆಗೆ ಬರುವ ಪಟ್ಟಿ ಹಾಕಿ ನಡೆಸಿದರು. ಐದು ವಾರಕ್ಕೆ ಗಾಯ ಕೂಡಿತು. ತೂಕ ಬಂದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಆಯಿತು.

ಬಿಟ್ಟುಕೊಡುವ ದಿನ ಬಂದಾಗ ಆಕೆ ಒಪ್ಪಲಿಲ್ಲ. ಎಪ್ಪತ್ತು ದಾಟಿದವರು, ಮಂಡಿನೋವು. ನಾಯಿಗಿನ್ನೂ ಎರಡು ವರ್ಷ. ಹತ್ತು ಹನ್ನೆರಡು ವರ್ಷ ಬಾಳಬಲ್ಲದು. ಯಜಮಾನರು ಅದನ್ನು ಬಾಯಿಬಿಟ್ಟು ಹೇಳಲಾರದೆ ನನ್ನ ಮುಖ ನೋಡಿದರು. ಆಕೆಯೇ ಕೊನೆಗೆ, "ಇವಳನ್ನು ಇಟ್ಕೊಂಡ್ರೆ ಇನ್ನೊಂದಕ್ಕೆ ಜಾಗ ಎಲ್ಲಿ ಡಾಕ್ಟ್ರೇ" ಎಂದರು. ಇಟ್ಟುಕೊಳ್ಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಬೆಂಗಳೂರಿನಲ್ಲಿ ಆರಂಭಿಸಿದ ಕ್ಯೂಪಾದಂಥ ಸಂಸ್ಥೆಗಳಿಗೂ ಜಾಗಕ್ಕೊಂದು ಮಿತಿಯಿದೆ. ಮಿಕ್ಕದ್ದನ್ನು ಮನೆಗಳೇ ಮಾಡಬೇಕು.

ಹೊಸ ಮನೆಯವರನ್ನು ಕೇಳಲು ಸಂಕೋಚ ಬೇಡ. ಬಾಡಿಗೆ ಮನೆಯೆ? ಮಾಲೀಕರ ಒಪ್ಪಿಗೆಯಿದೆಯೆ? ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ದೀಪಾವಳಿಯ ಪಟಾಕಿ ದಿನಗಳಲ್ಲಿ ಒಳಗೆ ಬಿಟ್ಟುಕೊಳ್ಳುತ್ತೀರಾ? ಗೇಟಿಗೆ ಕಟ್ಟಲು ನಾಯಿ ಬೇಕು ಎನ್ನುವವರಿಗೆ ಕೊಡಬೇಡಿ. ಲಸಿಕೆಯ ಚೀಟಿ, ಕೊಟ್ಟ ಔಷಧಿಗಳ ಪಟ್ಟಿ, ಊಟದ ಹೊತ್ತು ಎಲ್ಲ ಬರೆದುಕೊಡಿ. ಜೊತೆಗೆ ಅದು ಮಲಗುತ್ತಿದ್ದ ಹಳೇ ಕಂಬಳಿಯನ್ನೂ ಕಳಿಸಿ. ಒಗೆಯದೆ ಕಳಿಸಿ. ಹೊಸ ಜಾಗದ ಮೊದಲ ರಾತ್ರಿಗಳಲ್ಲಿ ಅದಕ್ಕೆ ಗುರುತಿರುವ ವಾಸನೆ ಅದೊಂದೇ.