ಘಾತಾಂಕದ ತಲೆ ಮೇಲಿನ ಮೈನಸ್ ಏನು ಹೇಳುತ್ತೆ?

ಇವತ್ತು ನಾನು ಮಾತಾಡೋದು ಘಾತಾಂಕದ ಬಗ್ಗೆ. ಅಯ್ಯೋ, ಗಣಿತನಾ ಅಂತ ಸ್ಕಿಪ್ ಮಾಡಬೇಡಿ. ಇದು ನಿಮ್ಮನೆ ಔಷಧಿ ಡಬ್ಬದಲ್ಲೂ ಇದೆ.

2³ ಅಂದರೆ ಎರಡನ್ನು ಮೂರು ಸಲ ಬರೆದು ಗುಣಿಸೋದು, ಉತ್ತರ 8. 2² ಅಂದರೆ 4, 2¹ ಅಂದರೆ 2. ಘಾತಾಂಕ ಒಂದೊಂದೇ ಇಳಿದ ಹಾಗೆ ಉತ್ತರ ಅರ್ಧ ಆಗ್ತಾ ಬಂತು, ಅಲ್ವಾ? ಹಾಗೇ ಇಳೀತಾ ಹೋಗಿ. 2⁰ ಅಂದರೆ 1. ಅದರ ಕೆಳಗೆ 2⁻¹, ಅಂದರೆ ಅರ್ಧ. 2⁻² ಅಂದರೆ ಕಾಲು. 2⁻³ ಅಂದರೆ ಎಂಟನೇ ಒಂದು ಭಾಗ. ಮೈನಸ್ 8 ಅಲ್ಲವೇ ಅಲ್ಲ! ಇಲ್ಲಿ ಮೈನಸ್ ಅಂದರೆ ‘ಒಂದನ್ನು ಇಷ್ಟು ಸಲ ಭಾಗಿಸು’ ಅಂತ, ಅಷ್ಟೇ.

ಇನ್ನೆರಡು ನಿಯಮ ನೆನಪಿಡಿ. ಆಧಾರ ಸಂಖ್ಯೆ ಒಂದೇ ಆಗಿದ್ದರೆ, ಗುಣಿಸುವಾಗ ಘಾತಾಂಕಗಳನ್ನು ಕೂಡಿ, ಭಾಗಿಸುವಾಗ ಕಳೆಯಿರಿ.

ಈಗ ಔಷಧಿ ಡಬ್ಬ ತೆಗೀರಿ. ಮಿಲಿಗ್ರಾಂ ಅಂದರೆ 10⁻³ ಗ್ರಾಂ, ಮೈಕ್ರೋಗ್ರಾಂ ಅಂದರೆ 10⁻⁶ ಗ್ರಾಂ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸೋಣ. −3ರಲ್ಲಿ −6 ಕಳೆದರೆ 3. ಅಂದರೆ 10³, ಸಾವಿರ ಪಟ್ಟು!

ಜ್ವರದ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಥೈರಾಯ್ಡ್ ಮಾತ್ರೆ 100 ಮೈಕ್ರೋಗ್ರಾಂ ಅಂತಿಟ್ಟುಕೊಳ್ಳಿ. ಸಂಖ್ಯೆ ಮಾತ್ರ ನೋಡಿದರೆ ಐದು ಪಟ್ಟು ವ್ಯತ್ಯಾಸ. ನಿಜಕ್ಕೂ ಇರೋದು ಐದು ಸಾವಿರ ಪಟ್ಟು.

ಅಜ್ಜಿಗೆ ಮಾತ್ರೆ ಕೊಡುವಾಗ ಸಂಖ್ಯೆಯ ಪಕ್ಕದಲ್ಲಿರೋ ಅಕ್ಷರಗಳನ್ನೂ ಓದಿ. ಮತ್ತೆ ಸಿಗೋಣ.